ಅತ್ತೆಯ ಚಿರೋಟಿ ಕೈ, ನಮ್ಮನೆಯ ಚಕ್ಕೆ ರೋಲ್

ನಮ್ಮ ಅಡುಗೆಮನೆಗಳಲ್ಲಿ ಯಾರೂ ಬರೆದಿಡದ ಒಂದು ನಿಯಮ ಇದೆ. ಏಲಕ್ಕಿ ಸಿಹಿಗೆ, ಚಕ್ಕೆ ಖಾರಕ್ಕೆ. ಪಾಯಸ, ಹೋಳಿಗೆ, ಕೇಸರಿಬಾತ್ ಅಂದ್ರೆ ಏಲಕ್ಕಿ. ಬಿಸಿಬೇಳೆಬಾತ್, ವಾಂಗಿಬಾತ್, ಪಲಾವ್, ಸಾಗು ಅಂದ್ರೆ ಚಕ್ಕೆ, ಲವಂಗ, ಮೊಗ್ಗು. ಹಾಗಾಗಿ ಚಕ್ಕೆ ಹಾಕಿದ ಕೇಕಿನ ಘಮ ಓವನ್ನಿಂದ ಬಂದಾಗ ಮನೆಯ ಹಿರಿಯರು ಮೊದಲು ಕೇಳೋ ಪ್ರಶ್ನೆ ಒಂದೇ: "ಏನು, ಇವತ್ತು ಪಲಾವಾ?"

ನಮ್ಮನೆಯಲ್ಲೂ ಆ ಪ್ರಶ್ನೆ ಬಹಳ ಸಲ ಬಂದಿದೆ. ಈಗ ಬರಲ್ಲ. ಯಾಕಂದ್ರೆ ಕೇಳುತ್ತಿದ್ದವರೇ ಈಗ ಚಕ್ಕೆ ಪುಡಿ ಮಾಡುವವರು. ಈ ಸಲದ ಅಂಕಣ ಅದರ ಬಗ್ಗೆ. ಜೊತೆಗೆ ಮೂರು ಸುಲಭದ ಬೇಕಿಂಗ್ ರೆಸಿಪಿಗಳೂ ಇವೆ. ಮೊಟ್ಟೆ ಬೇಡ, ದುಬಾರಿ ಸಾಮಾನು ಬೇಡ, ಒಂದು ರಜೆಯ ದಿನ ಸಾಕು.

ಮೊದಲೇ ಹೇಳಿಬಿಡ್ತೀನಿ, ಆರ್ಡರ್ ಮಾಡೋ ಕೇಕಿನ ಮೇಲೆ ನನಗೇನೂ ಸಿಟ್ಟಿಲ್ಲ. ಆರೂವರೆಗೆ ಆಫೀಸಿನ ಕಾಲ್ ಮುಗಿಸಿ, ಏಳಕ್ಕೆ ಮಗುವಿನ ಬರ್ತ್‌ಡೇ ಇಟ್ಟುಕೊಂಡವರಿಗೆ ಅದೇ ದೇವರು. ಆದರೆ ಆ ಕೇಕಿನಲ್ಲಿ ಮನೆಯವರ ಪಾಲು ಅಂದ್ರೆ ಒಂದು ಓಟಿಪಿ ಮಾತ್ರ. ನಮ್ಮ ಭಾಷೆಯಲ್ಲಿ ಎರಡು ಒಳ್ಳೆ ಪದ ಇವೆ: ಕೈರುಚಿ, ಕೈಗುಣ. ಎರಡರಲ್ಲೂ ಕೈ ಇದೆ ನೋಡಿ. ಮನೆಯಲ್ಲಿ ಏನಾದರೂ ಒಂದು ವಿಶೇಷ ದಿನ ಅಂದ್ರೆ, ಅವತ್ತಿನ ತಟ್ಟೆಯಲ್ಲಿ ಮನೆಯವರ ಕೈ ಸೋಕಿದ್ದು ಒಂದಾದರೂ ಇರಲಿ ಅನ್ನೋದು ನನ್ನ ಆಸೆ.

ಕೆಲಸ ಕೇಳುವ ಕೈ

ನಮ್ಮ ಅತ್ತೆ ಅರಸೀಕೆರೆ ಕಡೆಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಬೆಂಗಳೂರಿನ ಫ್ಲ್ಯಾಟಿಗೆ ಬಂದರು. ನಲವತ್ತು ವರ್ಷ ಒಂದು ದೊಡ್ಡ ಮನೆಯ ಅಡುಗೆ ನಡೆಸಿದವರು. ಹಬ್ಬಕ್ಕೆ ಹದಿನೈದು ದಿನ ಮುಂಚೆ ಹುರಿಯೋದು, ಬೀಸೋದು, ಒಣಗಿಸೋದು ಅವರಿಗೆ ಉಸಿರಾಡಿದಷ್ಟೇ ಸಹಜ.

ಇಲ್ಲಿ ಬೆಳಗ್ಗೆ ಏಳಕ್ಕೆ ಅಡುಗೆಯವರು ಬಂದು ತಿಂಡಿ, ಊಟ ಎರಡೂ ಮಾಡಿಟ್ಟು ಹೋಗ್ತಾರೆ. ತರಕಾರಿ ಹೆಚ್ಚಿಕೊಂಡೇ ಬರುತ್ತೆ. ದೋಸೆ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತೆ. ಕೊತ್ತಂಬರಿ ಸೊಪ್ಪು ಬೇಕು ಅಂದ್ರೆ ಹತ್ತು ನಿಮಿಷ. "ನೀವು ಆರಾಮಾಗಿರಿ ಅತ್ತೆ" ಅಂತ ನಾವು ಪ್ರೀತಿಯಿಂದಲೇ ಹೇಳ್ತಿದ್ವಿ. ಅವರೂ ನಗ್ತಾನೇ ಉತ್ತರ ಕೊಡ್ತಿದ್ರು: "ಆರಾಮಾಗಿ ಎಷ್ಟು ಹೊತ್ತು ಅಂತ ಇರಲಮ್ಮಾ?"

ಆ ಪ್ರಶ್ನೆಗೆ ನಮ್ಮನೆಯಲ್ಲಿ ಉತ್ತರ ಸಿಕ್ಕಿದ್ದು ಚಕ್ಕೆಯಿಂದ. ಒಂದು ಶನಿವಾರ ಮಗಳು ಕೇಕ್ ಮಾಡೋಣ ಅಂತ ಹಟ ಹಿಡಿದಿದ್ದಳು. ಡಬ್ಬಿಯಿಂದ ಚಕ್ಕೆ ತೆಗೆದು ಮಿಕ್ಸಿ ಜಾರ್ ಹುಡುಕ್ತಿದ್ದೆ. ಅತ್ತೆ ಬಂದು ಒಂದು ತುಂಡು ಕೈಗೆ ತಗೊಂಡ್ರು, ಮುರಿದರು, ಮೂಸಿದರು. "ಕೊಡಿಲ್ಲಿ. ವಾಂಗಿಬಾತ್ ಪುಡಿಗೆ ಎಷ್ಟು ಸಲ ಕುಟ್ಟಿದೀನಿ" ಅಂದ್ರು. ಅವತ್ತಿನಿಂದ ನಮ್ಮನೆಯಲ್ಲಿ ಚಕ್ಕೆ ಪುಡಿ ಅವರ ಖಾತೆ. ಹಣಕಾಸು ಖಾತೆ ಇದ್ದ ಹಾಗೆ, ಬೇರೆ ಯಾರೂ ಕೈ ಹಾಕೋ ಹಾಗಿಲ್ಲ.

ಡಬ್ಬಿಯಲ್ಲಿರೋದು ಯಾವ ಚಕ್ಕೆ?

ರೆಸಿಪಿಗೆ ಮುಂಚೆ ಇದೊಂದು ತಿಳ್ಕೊಂಡ್ರೆ ಒಳ್ಳೇದು. ಚಕ್ಕೆ, ದಾಲ್ಚಿನ್ನಿ ಅಂತ ನಾವು ಕರೆಯೋದು ಮರದ ತೊಗಟೆ. ಅಂಗಡಿಯಲ್ಲಿ ಸಿಗೋದರಲ್ಲಿ ಮುಖ್ಯವಾಗಿ ಎರಡು ಬಗೆ.

ಒಂದು, ಶ್ರೀಲಂಕಾದ ಸಿಲೋನ್ ಸಿನಮನ್. ತೆಳು ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡು ಕಡ್ಡಿಯ ಹಾಗಿರುತ್ತೆ. ಬಣ್ಣ ತಿಳಿ ಕಂದು. ಬೆರಳಲ್ಲಿ ಒತ್ತಿದರೆ ಪುಡಿಪುಡಿ. ರುಚಿ ಮೃದು, ಸ್ವಲ್ಪ ಸಿಹಿ.

ಇನ್ನೊಂದು ಕ್ಯಾಸಿಯಾ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾದಲ್ಲಿ ಬೆಳೆಯೋದು. ದಪ್ಪ, ಗಟ್ಟಿ, ಕೆಂಪು ಮಿಶ್ರಿತ ಕಂದು. ಸುತ್ತಿಕೊಂಡಿದ್ರೂ ಒಂದೇ ಪದರ. ಘಾಟು ಜಾಸ್ತಿ. ನಮ್ಮ ದಿನಸಿ ಅಂಗಡಿಯಲ್ಲಿ ಚಕ್ಕೆ ಅಂತ ಕೇಳಿದರೆ ಹೆಚ್ಚಾಗಿ ಕೈಗೆ ಬರೋದು ಇದೇ. ನಮ್ಮ ದೇಶದ ಆಹಾರ ನಿಯಮಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾನದಂಡ ಇವೆ. ಹಾಗಾಗಿ ಪ್ಯಾಕೆಟ್ ಕೊಳ್ಳುವಾಗ ಲೇಬಲ್ ಓದಿ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಕ್ಯಾಸಿಯಾದಲ್ಲಿ ಕೂಮರಿನ್ ಅನ್ನೋ ಅಂಶ ಜಾಸ್ತಿ, ಸಿಲೋನಿನಲ್ಲಿ ತೀರಾ ಕಮ್ಮಿ. ಇದು ದಿನಾ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಕೆಲವರ ಲಿವರ್‌ಗೆ ಒಳ್ಳೇದಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಅಂತ ಮಿತಿ ಹೇಳಿದೆ. ಯಾವತ್ತೋ ಒಂದು ದಿನದ ಕೇಕಿಗೆ ಹೆದರಬೇಕಾಗಿಲ್ಲ. ಆದರೆ ದಿನಾ ಬೆಳಗ್ಗೆ ಚಮಚಗಟ್ಟಲೆ ಚಕ್ಕೆ ಪುಡಿ ನೀರಿಗೆ ಹಾಕಿ ಕುಡಿಯೋ ಅಭ್ಯಾಸ ಇದ್ರೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ಇನ್ನೊಂದು ಮಾತು. ಚಕ್ಕೆ ಹಾಕಿದ ತಕ್ಷಣ ಸಿಹಿತಿಂಡಿ ಶುಗರ್ ಇರೋರ ತಿಂಡಿ ಆಗಿಬಿಡಲ್ಲ. ಬೆಲ್ಲ ಹಾಕಿದರೂ ಅಷ್ಟೇ. ನಮ್ಮತ್ತೆಗೆ ಶುಗರ್ ಇದೆ. ಅವರ ಪಾಲು ಅರ್ಧ ತುಂಡು, ಅದೂ ಊಟದ ಲೆಕ್ಕದಲ್ಲಿ. ಅದನ್ನ ಅವರೇ ಕಟ್ಟುನಿಟ್ಟಾಗಿ ಕತ್ತರಿಸಿಕೊಳ್ತಾರೆ.

ಮೊದಲ ಹೆಜ್ಜೆ: ಚಕ್ಕೆ ಸಕ್ಕರೆ

ಓವನ್ ಇಲ್ಲದವರೂ ಇಲ್ಲಿಂದ ಶುರು ಮಾಡಬಹುದು.

ಚಕ್ಕೆಯನ್ನು ಸಣ್ಣ ತುಂಡು ಮಾಡಿ. ಸ್ಟವ್ ಆರಿಸಿದ ಬಿಸಿ ತವಾದ ಮೇಲೆ ಎರಡು ನಿಮಿಷ ಹರಡಿ, ತೇವ ಹೋದರೆ ಸಾಕು, ಹುರಿಯೋದು ಬೇಡ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ತರಿಯನ್ನ ಎಸೆಯಬೇಡಿ, ಟೀ ಕುದಿಯುವಾಗ ಹಾಕಿ. ಒಂದು ತಿಂಗಳಿಗೆ ಆಗುವಷ್ಟೇ ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಪುಡಿ ಹಳೆಯದಾದಷ್ಟೂ ಘಮ ಕಮ್ಮಿ.

ನಾಲ್ಕು ಚಮಚ ಸಕ್ಕರೆಗೆ ಒಂದು ಚಮಚ ಚಕ್ಕೆ ಪುಡಿ ಸೇರಿಸಿ ಒಂದು ಗಾಜಿನ ಬಾಟಲಿಗೆ ತುಂಬಿಸಿದ್ರೆ ಚಕ್ಕೆ ಸಕ್ಕರೆ ರೆಡಿ. ಬ್ರೆಡ್ಡಿನ ಎರಡೂ ಕಡೆ ಬೆಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ, ಬಿಸಿ ಇರುವಾಗಲೇ ಮೇಲೆ ಉದುರಿಸಿ. ಮಳೆ ಸುರಿಯೋ ಸಂಜೆ, ಶಾಲೆಯಿಂದ ಮುಖ ಸಪ್ಪೆ ಮಾಡಿಕೊಂಡು ಬಂದ ಮಗುವಿಗೆ ಇದು ಐದು ನಿಮಿಷದ ಮದ್ದು. ಬಾಟಲಿ ಮೇಲೆ ಮಗಳು ಒಂದು ಚೀಟಿ ಅಂಟಿಸಿದ್ದಾಳೆ: "ಅಜ್ಜಿ ಕಂಪನಿ". ಯಾರದಾದರೂ ಮನೆಗೆ ಹೋಗುವಾಗ ಇಂಥದ್ದೇ ಒಂದು ಸಣ್ಣ ಬಾಟಲಿ ತಗೊಂಡು ಹೋಗ್ತೀವಿ. ಸ್ವೀಟ್ ಬಾಕ್ಸಿಗಿಂತ ಅಗ್ಗ, ನೆನಪಿನಲ್ಲೂ ಉಳಿಯುತ್ತೆ.

ಎರಡನೆಯದು: ಬಾಳೆಹಣ್ಣು ಚಕ್ಕೆ ಕೇಕ್

ವಾರದ ಕೊನೆಗೆ ಬುಟ್ಟಿಯಲ್ಲಿ ಕಪ್ಪಾಗಿ ಕೂತ ಬಾಳೆಹಣ್ಣಿಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ. ಮೊದಲ ಸಲ ಮಾಡುವಾಗ ಅತ್ತೆ ನೋಡಿ, "ಇದು ಮಂಗಳೂರು ಬನ್ಸ್ ತರಾನೇ ಆಯ್ತಲ್ಲ" ಅಂದ್ರು. ಹೌದಲ್ವಾ? ಹಣ್ಣು ಕಿವುಚೋದು, ಮೊಸರು, ಚಿಟಿಕೆ ಸೋಡಾ, ಹಿಟ್ಟು. ಬನ್ಸ್ ಎಣ್ಣೆಗೆ ಹೋಗುತ್ತೆ, ಇದು ಓವನ್ನಿಗೆ ಹೋಗುತ್ತೆ.

ಬೇಕಾಗುವ ಸಾಮಗ್ರಿ:

- ಗೋಧಿ ಹಿಟ್ಟು 1½ ಕಪ್
- ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿದ್ದು 1 ಕಪ್. ಪಚ್ಚಬಾಳೆ ಆದ್ರೆ ಎರಡು ಮೂರು, ಏಲಕ್ಕಿ ಬಾಳೆ ಆದ್ರೆ ಐದಾರು ಬೇಕಾಗುತ್ತೆ
- ಬೆಲ್ಲದ ಪುಡಿ ¾ ಕಪ್
- ವಾಸನೆ ಇಲ್ಲದ ಎಣ್ಣೆ ⅓ ಕಪ್
- ಮೊಸರು ¼ ಕಪ್
- ಬೇಕಿಂಗ್ ಪೌಡರ್ 1 ಟೀ ಚಮಚ
- ಅಡುಗೆ ಸೋಡಾ ½ ಟೀ ಚಮಚ
- ಚಕ್ಕೆ ಪುಡಿ 1½ ಟೀ ಚಮಚ
- ಚಿಟಿಕೆ ಉಪ್ಪು, ಬೇಕಾದರೆ ಎರಡು ಮೂರು ಚಮಚ ಹಾಲು

ಮಾಡುವ ವಿಧಾನ:

ಓವನ್ 180 ಡಿಗ್ರಿಗೆ ಹತ್ತು ನಿಮಿಷ ಮೊದಲೇ ಕಾಯಲಿ. ಕೇಕ್ ಟಿನ್ನಿಗೆ ಎಣ್ಣೆ ಸವರಿ ಹಿಟ್ಟು ಉದುರಿಸಿ. ಒಂದು ಪಾತ್ರೆಯಲ್ಲಿ ಹಣ್ಣು, ಬೆಲ್ಲ, ಎಣ್ಣೆ, ಮೊಸರು ಚೆನ್ನಾಗಿ ಕಲಸಿ. ಇನ್ನೊಂದರಲ್ಲಿ ಒಣ ಸಾಮಾನೆಲ್ಲ ಜರಡಿ ಹಿಡಿಯಿರಿ. ಎರಡನ್ನೂ ಸೇರಿಸಿ, ಒಣ ಹಿಟ್ಟು ಕಾಣದಿರುವಷ್ಟು ಮಾತ್ರ ತಿರುಗಿಸಿ. ಜಾಸ್ತಿ ಕಲಸಿದರೆ ಕೇಕ್ ಗಟ್ಟಿಯಾಗುತ್ತೆ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಸ್ವಲ್ಪ ದಪ್ಪ ಇರಬೇಕು. ತೀರಾ ಗಟ್ಟಿ ಅನ್ನಿಸಿದರೆ ಹಾಲು ಹಾಕಿ.

ಸೋಡಾ ಮೊಸರಿಗೆ ಸೋಕಿದ ತಕ್ಷಣ ಕೆಲಸ ಶುರು ಮಾಡಿಬಿಡುತ್ತೆ. ಅದಕ್ಕೆ ಕಲಸಿಟ್ಟು ಫೋನ್ ನೋಡ್ತಾ ಕೂರೋ ಹಾಗಿಲ್ಲ. ನೇರ ಟಿನ್ನಿಗೆ, ಟಿನ್ ಓವನ್ನಿಗೆ. 35ರಿಂದ 45 ನಿಮಿಷ. ನಡುವೆ ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ. ಪೂರ್ತಿ ಆರಿದ ಮೇಲೆ ಕತ್ತರಿಸಿ.

ಓವನ್ ಇಲ್ವಾ? ಹಳೆಯ ದಪ್ಪ ತಳದ ಪಾತ್ರೆ ತಗೊಳ್ಳಿ. ತಳಕ್ಕೆ ಒಂದಿಂಚು ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಟಿನ್ ಇಟ್ಟು ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ನೀರು ಹಾಕಬಾರದು. ಕುಕ್ಕರನ್ನೇ ಬಳಸೋದಾದ್ರೆ ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದಿರಬೇಕು. ದಿನಾ ಬಳಸೋ ಒಳ್ಳೆ ಕುಕ್ಕರನ್ನ ಇದಕ್ಕೆ ಹಾಳು ಮಾಡಬೇಡಿ.

ಮೂರನೆಯದು: ಭಾನುವಾರದ ಚಕ್ಕೆ ರೋಲ್

ಸ್ವೀಡನ್ನಿನಲ್ಲಿ ಚಕ್ಕೆ ಬನ್ನಿಗೇ ಅಂತ ಒಂದು ದಿನ ಇದೆ. 1999ರಿಂದ ಪ್ರತಿ ಅಕ್ಟೋಬರ್ 4ರಂದು ಆಚರಿಸ್ತಾರೆ. ಅವರ ಬನ್ನಿನಲ್ಲಿ ನನಗೆ ಇಷ್ಟವಾದ ಸಂಗತಿ ಅಂದ್ರೆ, ಹಿಟ್ಟಿಗೆ ಏಲಕ್ಕಿ ಹಾಕ್ತಾರೆ, ಒಳಗೆ ಚಕ್ಕೆ ಹಾಕ್ತಾರೆ. ನಾವು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದ ಇಬ್ಬರನ್ನ ಅವರು ಒಂದೇ ಎಲೆಗೆ ಬಡಿಸಿದ್ದಾರೆ. ಹಾಗಾಗಿ ನಮ್ಮನೆಯ ರೋಲಿಗೂ ಏಲಕ್ಕಿ ಖಾಯಂ.

ಹಿಟ್ಟಿಗೆ:

- ಮೈದಾ 300 ಗ್ರಾಂ, ಅಂದರೆ ಸುಮಾರು 2½ ಕಪ್
- ಉಗುರು ಬೆಚ್ಚಗಿನ ಹಾಲು 180ರಿಂದ 190 ಮಿ.ಲೀ.
- ಸಕ್ಕರೆ 3 ಟೇಬಲ್ ಚಮಚ
- ಇನ್‌ಸ್ಟಂಟ್ ಯೀಸ್ಟ್ 1½ ಟೀ ಚಮಚ
- ಬೆಣ್ಣೆ 40 ಗ್ರಾಂ
- ಏಲಕ್ಕಿ ಪುಡಿ ½ ಟೀ ಚಮಚ
- ಉಪ್ಪು ½ ಟೀ ಚಮಚ. ಉಪ್ಪಿರುವ ಬೆಣ್ಣೆ ಆದ್ರೆ ಚಿಟಿಕೆ ಸಾಕು

ಒಳಗೆ ಸವರೋಕೆ:

- ಮೆತ್ತಗಾದ ಬೆಣ್ಣೆ 50 ಗ್ರಾಂ
- ಬೆಲ್ಲದ ಪುಡಿ ಅಥವಾ ಕಂದು ಸಕ್ಕರೆ 70 ಗ್ರಾಂ
- ಚಕ್ಕೆ ಪುಡಿ 1 ಟೇಬಲ್ ಚಮಚ. ಘಾಟಿನ ಕ್ಯಾಸಿಯಾ ಆದ್ರೆ 2 ಟೀ ಚಮಚ ಸಾಕು

ಚಕ್ಕೆಯನ್ನ ಹಿಟ್ಟಿಗೇ ಯಾಕೆ ಹಾಕಲ್ಲ ಅಂತ ಮಗಳು ಕೇಳಿದ್ದಳು. ಒಳ್ಳೆ ಪ್ರಶ್ನೆ. ಚಕ್ಕೆಯ ಘಮಕ್ಕೆ ಕಾರಣವಾದ ಎಣ್ಣೆಯ ಅಂಶವೇ ಯೀಸ್ಟನ್ನ ಮಂಕು ಮಾಡುತ್ತೆ. ಹಿಟ್ಟಿಗೆ ಜಾಸ್ತಿ ಹಾಕಿದರೆ ಅದು ಉಬ್ಬೋದು ನಿಧಾನ. ಅದಕ್ಕೇ ಚಕ್ಕೆಗೆ ಒಳಗಿನ ಪದರದಲ್ಲಿ ಜಾಗ.

ಹಿಟ್ಟನ್ನ ಹತ್ತು ನಿಮಿಷ ಚೆನ್ನಾಗಿ ನಾದಿ. ಮೊದಲು ಅಂಟುತ್ತೆ, ಹೆದರಿ ಮೈದಾ ಸುರಿಯಬೇಡಿ. ನಾದ್ತಾ ನಾದ್ತಾ ಕಿವಿಹಾಲೆಯಷ್ಟು ಮೆತ್ತಗಾಗುತ್ತೆ. ಮುಚ್ಚಿಟ್ಟರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಎರಡರಷ್ಟಾಗುತ್ತೆ. ಚಳಿಗಾಲದಲ್ಲಿ ಆರಿಸಿದ ಓವನ್ನಿನ ಒಳಗಿಡಿ. ಆಫೀಸಿನವರಿಗೆ ಒಂದು ದಾರಿ: ಶನಿವಾರ ರಾತ್ರಿ ನಾದಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ನೀವು ಮಲಗಿರುವಾಗ ಅದು ನಿಧಾನಕ್ಕೆ ಉಬ್ಬಿರುತ್ತೆ. ಭಾನುವಾರ ಬೆಳಗ್ಗೆ ತೆಗೆದು ಅರ್ಧ ಗಂಟೆ ಹೊರಗಿಟ್ಟು ಮುಂದಿನ ಕೆಲಸ.

ಉಬ್ಬಿದ ಹಿಟ್ಟನ್ನ ಸುಮಾರು 12 ಇಂಚು ಅಗಲ, 15 ಇಂಚು ಉದ್ದಕ್ಕೆ ಲಟ್ಟಿಸಿ. ಬೆಣ್ಣೆ ಸವರಿ, ಬೆಲ್ಲ ಮತ್ತು ಚಕ್ಕೆ ಉದುರಿಸಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ. ಒಂಬತ್ತು ತುಂಡು ಮಾಡಿ.

ಅತ್ತೆ ಲಟ್ಟಣಿಗೆ ಕೈಗೆ ತಗೊಂಡಿದ್ದು ಈ ಹಂತದಲ್ಲಿ. "ಇದು ಚಿರೋಟಿ ಕಣಮ್ಮ" ಅಂದ್ರು. ಚಿರೋಟಿಗೂ ಹೀಗೇ. ತೆಳ್ಳಗೆ ಲಟ್ಟಿಸೋದು, ತುಪ್ಪ ಅಕ್ಕಿಹಿಟ್ಟಿನ ಸಾಟಿ ಸವರೋದು, ಒಂದರ ಮೇಲೊಂದು ಹಾಕಿ ಸುತ್ತೋದು, ಕತ್ತರಿಸೋದು. ಪದರ ಪದರ ಆಗೋದರ ಗುಟ್ಟು ಎರಡಕ್ಕೂ ಒಂದೇ. ನನ್ನ ಕೈಯಲ್ಲಿ ಮೂಲೆಗಳು ಭಾರತದ ನಕ್ಷೆ ಥರ ಆಗ್ತಿದ್ವು. ಅವರ ಕೈಯಲ್ಲಿ ಅಳತೆಪಟ್ಟಿ ಇಟ್ಟ ಹಾಗೆ ಬಂತು.

ಕತ್ತರಿಸೋಕೆ ಚಾಕು ಬೇಡ, ಸುರುಳಿ ಚಪ್ಪಟೆಯಾಗುತ್ತೆ. ಹೂ ಕಟ್ಟೋ ಬಿಳಿ ದಾರ ಸ್ವಚ್ಛವಾದದ್ದು ತಗೊಳ್ಳಿ. ಸುರುಳಿಯ ಕೆಳಗೆ ತೂರಿಸಿ, ಎರಡು ತುದಿ ಮೇಲೆ ತಂದು ಅಡ್ಡ ಹಾಕಿ ಎಳೆಯಿರಿ. ಒಂದೇ ಎಳೆತಕ್ಕೆ ಗುಂಡಗಿನ ತುಂಡು. ಇದು ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ.

ತುಂಡುಗಳನ್ನ ಬೆಣ್ಣೆ ಸವರಿದ ಟ್ರೇನಲ್ಲಿ ಸ್ವಲ್ಪ ಸ್ವಲ್ಪ ಜಾಗ ಬಿಟ್ಟು ಜೋಡಿಸಿ. ಮುಚ್ಚಿ 30ರಿಂದ 40 ನಿಮಿಷ ಬಿಡಿ. ಹಿಟ್ಟು ಫ್ರಿಜ್ಜಿನಿಂದ ಬಂದಿದ್ದರೆ ಒಂದು ಗಂಟೆ ಬೇಕಾಗಬಹುದು. ಮೇಲೆ ಹಾಲು ಸವರಿ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಹೊಂಬಣ್ಣ ಬಂದ್ರೆ ಆಯ್ತು. ಬೆಲ್ಲ ಹಾಕಿದ್ರೆ ತಳದಲ್ಲಿ ಸ್ವಲ್ಪ ಪಾಕ ಇಳಿದಿರುತ್ತೆ. ನಮ್ಮನೆಯಲ್ಲಿ ಜಗಳ ಆಗೋದು ಆ ತಳದ ತುಂಡಿಗೇ.

ಹಬ್ಬವಿಲ್ಲದ ವರ್ಷದಲ್ಲಿ ಒಂದು ಸಂಜೆ

ಅತ್ತೆ ಮಾವನ ಮದುವೆಯಾಗಿದ್ದು ಮೇ ತಿಂಗಳಲ್ಲಿ. ಮಾವ ಹೋದ ಮೇಲೆ ಆ ತಾರೀಖು ಮೊದಲ ಸಲ ಬರ್ತಾ ಇತ್ತು. ಅದು ವರ್ಷದೊಳಗಿನ ಕಾಲ, ನಮ್ಮನೆಯಲ್ಲಿ ಹಬ್ಬ ಇರಲಿಲ್ಲ. ಯುಗಾದಿಗೂ ಹೋಳಿಗೆ ಮಾಡಿರಲಿಲ್ಲ. ಆ ದಿನದ ಬಗ್ಗೆ ಮಾತಾಡಬೇಕಾ, ಸುಮ್ಮನಿರಬೇಕಾ ಅಂತ ನನಗೂ ಗೊತ್ತಿರಲಿಲ್ಲ, ನನ್ನ ಗಂಡನಿಗೂ ಗೊತ್ತಿರಲಿಲ್ಲ. ಇಬ್ಬರೂ ಕ್ಯಾಲೆಂಡರ್ ಕಡೆ ನೋಡಿ ಬೇರೆ ವಿಷಯ ಮಾತಾಡ್ತಿದ್ವಿ.

ಮಾತು ತೆಗೆದದ್ದು ಅತ್ತೆಯೇ. ಎರಡು ದಿನ ಮುಂಚೆ, ತರಕಾರಿ ಬುಟ್ಟಿ ಸರಿ ಮಾಡ್ತಾ ಹೇಳಿದರು: "ಚಿರೋಟಿ ಮಾಡೋ ಹಾಗಿಲ್ಲ ಈ ವರ್ಷ. ಬಾಣಲೆ ಇಡೋದು ಬೇಡ. ನಿನ್ನ ಬನ್ನು ಮಾಡು."

ಹಾಸನ, ತುಮಕೂರು, ಮೈಸೂರು ಕಡೆಯ ಮದುವೆ ಊಟ ಉಂಡವರಿಗೆ ಗೊತ್ತು, ಎಲೆಗೆ ಚಿರೋಟಿ ಬಿದ್ದು, ಮೇಲೆ ಪುಡಿಸಕ್ಕರೆ ಉದುರಿ, ಬಾದಾಮಿ ಹಾಲು ಬಂತು ಅಂದ್ರೇನೇ ಮದುವೆ ಮನೆಗೆ ಕಳೆ. ಅತ್ತೆಯ ಮದುವೆಯಲ್ಲೂ ಅದೇ ಆಗಿತ್ತಂತೆ.

ಅವತ್ತು ಲಟ್ಟಿಸಿದ್ದು ಅತ್ತೆ, ದಾರ ಎಳೆದಿದ್ದು ಮಗಳು, ನಾದಿದ್ದು ನಾನು. ಗಂಡನಿಗೆ ಬಾದಾಮಿ ಸಿಪ್ಪೆ ಸುಲಿಯೋ ಕೆಲಸ. ರೋಲ್ ಮೇಲೆ ಸಾಮಾನ್ಯವಾಗಿ ಹಾಕೋ ಸಕ್ಕರೆ ಐಸಿಂಗ್ ಬದಲು ಬಾದಾಮಿ ಹಾಲು ಮಾಡಿದ್ವಿ. ಲೆಕ್ಕ ಸುಲಭ: ಇಪ್ಪತ್ತು ಬಾದಾಮಿ ನೆನೆಸಿ ಸಿಪ್ಪೆ ತೆಗೆದು ನುಣ್ಣಗೆ ಅರೆಯೋದು, ಅರ್ಧ ಲೀಟರ್ ಹಾಲಿಗೆ ಸೇರಿಸಿ ಮುಕ್ಕಾಲು ಭಾಗ ಆಗುವ ತನಕ ಕುದಿಸೋದು, ಎರಡು ಚಮಚ ಸಕ್ಕರೆ, ನಾಲ್ಕು ಎಸಳು ಕೇಸರಿ. ಬಿಸಿ ರೋಲಿನ ಮೇಲೆ ಎರಡೆರಡು ಚಮಚ ಹಾಕಿದರೆ ಪದರದೊಳಗೆ ಇಳಿಯುತ್ತೆ.

ಮೊದಲ ತುತ್ತಿಗೆ ಅತ್ತೆ ನಕ್ಕರು. ಮದುವೆ ದಿನ ಬಡಿಸೋರು ಅವಸರದಲ್ಲಿ ಮಾವನ ಎಲೆಗೆ ಹಾಕೋ ಬಾದಾಮಿ ಹಾಲನ್ನ ಅವರ ಹೊಸ ಪಂಚೆಗೇ ಸುರಿದಿದ್ರಂತೆ. ಮಾವ ಎದ್ದೇಳೋ ಹಾಗೂ ಇಲ್ಲ, ಕೂರೋ ಹಾಗೂ ಇಲ್ಲ. ಪಕ್ಕದಲ್ಲಿ ಕೂತ ಹೊಸ ಹೆಂಡತಿಗೆ ನಗು ತಡೆಯೋಕಾಗದೆ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡಿದ್ರಂತೆ. "ಅದೇ ಮೊದಲು ಅವರು ನನ್ನ ಕಡೆ ಸರಿಯಾಗಿ ನೋಡಿದ್ದು. ಸಿಟ್ಟಲ್ಲಿ!" ಅಂದ್ರು.

ನನ್ನ ಗಂಡ ಈ ಕಥೆ ಕೇಳಿದ್ದು ಅವತ್ತೇ ಮೊದಲು. "ಅಮ್ಮಾ, ನೀನು ಯಾವತ್ತೂ ಹೇಳೇ ಇರಲಿಲ್ಲ?" ಅಂದ. "ಯಾರು ಕೇಳಿದ್ರೋ?" ಅಂದ್ರು ಅತ್ತೆ. ಆಮೇಲೆ ರಾತ್ರಿ ಹತ್ತರ ತನಕ ಕೇಳಿದ್ವಿ. ಮಾವನ ಮೊದಲ ಸಂಬಳ, ಸೈಕಲ್ಲು, ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ತಪ್ಪಿಸಿಕೊಂಡದ್ದು, ಎಲ್ಲ ಬಂತು. ಅವರು ಹೋದ ಮೇಲೆ ನಮ್ಮನೆಯಲ್ಲಿ ಅವರ ಬಗ್ಗೆ ನಗ್ತಾ ಮಾತಾಡಿದ್ದು ಅದೇ ಮೊದಲು.

ಒಂಬತ್ತು ರೋಲಿನಲ್ಲಿ ಒಂದನ್ನ ಅತ್ತೆ ತಟ್ಟೆಯಲ್ಲಿಟ್ಟು ಮಾವನ ಫೋಟೋ ಮುಂದೆ ಇಟ್ಟಿದ್ರು. ಬೆಳಗ್ಗೆ ಅದನ್ನ ಬಿಸಿ ಮಾಡಿ ಮಗಳ ಟಿಫಿನ್ ಬಾಕ್ಸಿಗೆ ಹಾಕಿದರು. "ತಾತ ತಿಂದಾಯ್ತು. ಇನ್ನು ನೀನು ತಿನ್ನು."

ಅದೇ ಬನ್ನನ್ನ ಡೆಲಿವರಿ ಹುಡುಗ ತಂದುಕೊಟ್ಟಿದ್ರೂ ರುಚಿಯಾಗೇ ಇರುತ್ತಿತ್ತು. ಆದರೆ ಆ ಪಂಚೆಯ ಕಥೆ ಹೊರಗೆ ಬರ್ತಿತ್ತಾ? ನನಗೆ ಅನುಮಾನ. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗೇ ಬಿಚ್ಚುತ್ತೆ. ಎದುರು ಕೂರಿಸಿಕೊಂಡು "ಹೇಗಿದ್ದೀರಿ, ಮನಸ್ಸಿನಲ್ಲಿ ಏನಿದೆ" ಅಂತ ಕೇಳಿದರೆ ಹಿರಿಯರು "ಚೆನ್ನಾಗಿದೀನಿ" ಅಂತ ಮುಗಿಸಿಬಿಡ್ತಾರೆ. ಹಿಟ್ಟು ಲಟ್ಟಿಸ್ತಾ ಇರೋರು ಹಾಗೆ ಮುಗಿಸಲ್ಲ.

ಖರ್ಚಿಲ್ಲದ ಕೆಲವು ಮನೆಗುರುತು

ಇಷ್ಟು ದಿನದಲ್ಲಿ ನಮ್ಮನೆಯಲ್ಲಿ ರೂಢಿಯಾದ ಕೆಲವು ಸಣ್ಣ ವಿಷಯ ಹೇಳ್ತೀನಿ. ನಿಮಗೆ ಹೊಂದೋದನ್ನ ಇಟ್ಕೊಳ್ಳಿ.

ಕೆಲಸ ಹಂಚಿ, ಪೂರ್ತಿ ಹಂಚಿ. "ಸ್ವಲ್ಪ ಸಹಾಯ ಮಾಡಿ" ಅಂದ್ರೆ ಅದು ನಿಮ್ಮ ಕೆಲಸವಾಗೇ ಉಳಿಯುತ್ತೆ. "ಲಟ್ಟಿಸೋದು ನಿಮ್ಮದು" ಅಂದ್ರೆ ಅದು ಅವರದ್ದು. ಆಮೇಲೆ ಪಕ್ಕದಲ್ಲಿ ನಿಂತು ಸರಿ ಮಾಡೋಕೆ ಹೋಗಬೇಡಿ.

ಒಂದು ಚೀಟಿ ಇರಲಿ. ಡಬ್ಬಿಯ ಮುಚ್ಚಳಕ್ಕೆ ಅಂಟಿಸೋ ಕಾಗದದ ಮೇಲೆ ತಾರೀಖು, ಯಾರು ಏನು ಮಾಡಿದರು ಅಂತ ಮಗಳು ಬರೀತಾಳೆ. "ಪುಡಿ: ಅಜ್ಜಿ. ದಾರ: ನಾನು. ತಿಂದಿದ್ದು: ಅಪ್ಪ." ಆ ಚೀಟಿಗಳನ್ನ ಅತ್ತೆ ತಮ್ಮ ಪಂಚಾಂಗದೊಳಗೆ ಇಟ್ಕೊಂಡಿದ್ದಾರೆ.

ಪಕ್ಕದ ಮನೆಗೆ ಎರಡು ತುಂಡು ಕಳಿಸಿ, ಸ್ಟೀಲ್ ಡಬ್ಬಿಯಲ್ಲೇ ಕಳಿಸಿ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅನ್ನೋ ನಮ್ಮ ಹಳೇ ಪದ್ಧತಿ ಅಪಾರ್ಟ್‌ಮೆಂಟಿನಲ್ಲೂ ಕೆಲಸ ಮಾಡುತ್ತೆ. ನಮ್ಮ ಡಬ್ಬಿ ಒಂದು ಸಲ ಕರಿಬೇವಿನ ಜೊತೆ, ಇನ್ನೊಂದು ಸಲ ಮಾವಿನ ತೊಕ್ಕಿನ ಜೊತೆ ವಾಪಸ್ ಬಂತು. ಅದನ್ನ ತಂದುಕೊಟ್ಟವರ ಹತ್ತಿರ ಅತ್ತೆ ಈಗ ದಿನಾ ಸಂಜೆ ವಾಕಿಂಗ್ ಹೋಗ್ತಾರೆ.

ದೂರದ ಊರಿಗೆ ಕಳಿಸೋದಾದ್ರೆ ರೋಲ್ ಬೇಡ, ಅದು ಮಾಡಿದ ದಿನವೇ ಚೆನ್ನ. ಚಕ್ಕೆ ಸಕ್ಕರೆ ಬಾಟಲಿ ಕಳಿಸಿ. ಬಾಳೆಹಣ್ಣಿನ ಕೇಕ್ ಹೊರಗೆ ಎರಡು ದಿನ ಇರುತ್ತೆ, ಬೇಸಿಗೆಯಲ್ಲಿ ಒಂದೇ ದಿನ ಅಂತ ಇಟ್ಕೊಳ್ಳಿ. ಮಿಕ್ಕ ರೋಲನ್ನ ಫ್ರಿಜ್ಜಿನಲ್ಲಿಟ್ಟು, ತಿನ್ನೋ ಮುಂಚೆ ಒಂದು ಚಮಚ ಹಾಲು ಚಿಮುಕಿಸಿ ಮುಚ್ಚಿದ ತವಾದಲ್ಲಿ ಬಿಸಿ ಮಾಡಿದ್ರೆ ಮತ್ತೆ ಮೆತ್ತಗಾಗುತ್ತೆ.

ಫೋಟೋ ತೆಗೆಯೋದಾದ್ರೆ ಕೇಕಿನದಷ್ಟೇ ಅಲ್ಲ, ಹಿಟ್ಟು ಮೆತ್ತಿದ ಕೈಗಳದ್ದೂ ಒಂದು ಇರಲಿ. ಹತ್ತು ವರ್ಷ ಆದಮೇಲೆ ಯಾವ ಫೋಟೋ ಹುಡುಕ್ತೀರಿ ಅಂತ ನಿಮಗೇ ಗೊತ್ತು.

ಓವನ್ ಕಾಯೋಕೆ ಹತ್ತು ನಿಮಿಷ ಬೇಕಲ್ಲ, ಆ ಹತ್ತು ನಿಮಿಷದಲ್ಲಿ ಹಾಲಿನಲ್ಲಿ ಟಿವಿ ಮುಂದೆ ಸುಮ್ಮನೆ ಕೂತವರನ್ನ ಒಂದು ಸಲ ಕರೀರಿ. ಅಮ್ಮನೋ, ಅತ್ತೆಯೋ, ರಿಟೈರ್ ಆಗಿ ಏನು ಮಾಡೋದು ಅಂತ ಗೊತ್ತಾಗದ ಅಪ್ಪನೋ, ಯಾರಾದರೂ ಸರಿ. ಚಕ್ಕೆಯ ಡಬ್ಬಿ ಅವರ ಕೈಗೆ ಕೊಡಿ. "ಇದನ್ನ ಪುಡಿ ಮಾಡಿಕೊಡ್ತೀರಾ?" ಅಂತ ಕೇಳಿ. ಮುಂದಿನದನ್ನ ಅವರು ನೋಡ್ಕೊಳ್ತಾರೆ.